ನರ್ಸಿಂಗ್, ಫಿಸಿಯೋಥೆರಪಿ ಸೇರುವವರು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳನ್ನು ಎಲ್ಲಿಂದ ಓದಲು ಆರಂಭಿಸಬೇಕು?

ನರ್ಸಿಂಗ್ ವಿದ್ಯಾರ್ಥಿನಿ, ಯಲಹಂಕ

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ ಮುಗಿಸಿ ಈ ವರ್ಷ ಬಿ.ಎಸ್ಸಿ. ನರ್ಸಿಂಗ್ ಸೇರುತ್ತಿದ್ದೇನೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಪಠ್ಯಕ್ರಮದ ಪ್ರಕಾರ ಅನ್ವಯಿಕ ಅಂಗರಚನಾಶಾಸ್ತ್ರ ಮತ್ತು ಅನ್ವಯಿಕ ಶರೀರಕ್ರಿಯಾಶಾಸ್ತ್ರ ಎರಡೂ ಮೊದಲ ಸೆಮಿಸ್ಟರಿನಲ್ಲೇ ಬರುತ್ತವೆ. ಸೀನಿಯರ್ ಅಕ್ಕ ಒಬ್ಬರು ತಮ್ಮ ನೋಟ್ಸ್ ಕೊಟ್ಟಿದ್ದಾರೆ. ಒಂದು ಪುಸ್ತಕದ ತುಂಬ ಮೂಳೆಗಳ, ಸ್ನಾಯುಗಳ, ನರಗಳ ಪಟ್ಟಿಗಳಿವೆ. ಇನ್ನೊಂದರಲ್ಲಿ ರಕ್ತದ ಒತ್ತಡ, ಉಸಿರಾಟ, ಹಾರ್ಮೋನು ಮುಂತಾದವುಗಳ ವಿವರಣೆಯಿದೆ. ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ಕಾಣುತ್ತದೆ. ತರಗತಿಗಳು ಆರಂಭವಾಗುವ ಮೊದಲು ಯಾವುದನ್ನು ಓದಿಕೊಳ್ಳಬೇಕು, ಮತ್ತು ಪರೀಕ್ಷೆ ಮುಗಿದ ಮೇಲೂ ವಾರ್ಡಿನಲ್ಲಿ ನೆನಪಿಗೆ ಬರುವ ಹಾಗೆ ಓದುವುದು ಹೇಗೆ ಎಂಬುದನ್ನು ಅನುಭವಿಗಳು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ನಿವೃತ್ತ ಅಂಗರಚನಾಶಾಸ್ತ್ರ ಬೋಧಕ, ಬಸವನಗುಡಿ

ಮೊದಲು ಯಾವುದು, ಆಮೇಲೆ ಯಾವುದು ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ ಎಂಬುದು ನನ್ನ ವಿನಂತಿ. ಎರಡು ವಿಭಾಗಗಳು, ಇಬ್ಬರು ಅಧ್ಯಾಪಕರು, ಎರಡು ಪ್ರಶ್ನೆಪತ್ರಿಕೆಗಳು ಇರುವುದು ಪಾಠದ ಅನುಕೂಲಕ್ಕಾಗಿ. ಶರೀರದಲ್ಲಿ ಅಂಥ ಗೋಡೆ ಎಲ್ಲೂ ಇಲ್ಲ. ಒಂದು ಅಂಗದ ರಚನೆಯನ್ನು ಓದುವಾಗ ‘ಇದು ಹೀಗೇಕಿದೆ’ ಎಂದು ಕೇಳಿದ ಕೂಡಲೇ ನೀವು ಶರೀರಕ್ರಿಯೆಯೊಳಗೆ ಕಾಲಿಟ್ಟಿರುತ್ತೀರಿ.

ಹೃದಯವನ್ನೇ ತೆಗೆದುಕೊಳ್ಳಿ. ಎಡ ಹೃತ್ಕುಕ್ಷಿಯ (ರಕ್ತವನ್ನು ಹೊರದೂಡುವ ಕೆಳಕೋಣೆಯ) ಗೋಡೆ ಸುಮಾರು 10 ಮಿ.ಮೀ. ದಪ್ಪ, ಬಲ ಹೃತ್ಕುಕ್ಷಿಯದು 3ರಿಂದ 4 ಮಿ.ಮೀ. ಎಂದು ನಿಮ್ಮ ನೋಟ್ಸಿನಲ್ಲಿ ಇರಬಹುದು. ಇದನ್ನು ಬಾಯಿಪಾಠ ಮಾಡಿದರೆ ಎರಡು ತಿಂಗಳಲ್ಲಿ ಎಡ ಯಾವುದು, ಬಲ ಯಾವುದು ಎಂಬುದು ಅದಲುಬದಲಾಗುತ್ತದೆ. ಬದಲಾಗಿ ಹೀಗೆ ಯೋಚಿಸಿ: ಎರಡೂ ಕುಕ್ಷಿಗಳು ಪ್ರತಿ ಬಡಿತಕ್ಕೆ ಹೊರದೂಡುವ ರಕ್ತ ಒಂದೇ ಪ್ರಮಾಣದ್ದು, ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಸುಮಾರು 70 ಮಿ.ಲೀ. ಆದರೆ ಬಲಭಾಗವು ಪಕ್ಕದಲ್ಲೇ ಇರುವ ಶ್ವಾಸಕೋಶಗಳಿಗೆ ಸುಮಾರು 25 ಮಿ.ಮೀ. ಪಾದರಸದ ಒತ್ತಡದಲ್ಲಿ ರಕ್ತ ಕಳುಹಿಸಿದರೆ ಸಾಕು. ಎಡಭಾಗವು ಇಡೀ ದೇಹಕ್ಕೆ ಸುಮಾರು 120ರ ಒತ್ತಡದಲ್ಲಿ ಕಳುಹಿಸಬೇಕು. ಹೊರುವ ಹೊರೆ ಹೆಚ್ಚಿರುವ ಕಡೆ ಸ್ನಾಯು ದಪ್ಪವಾಗಿದೆ. ಇಷ್ಟು ಅರ್ಥವಾದರೆ, ವರ್ಷಗಟ್ಟಲೆ ಬಿ.ಪಿ. ಹತೋಟಿಗೆ ಬಾರದವರ ಎಡ ಹೃತ್ಕುಕ್ಷಿ ಇನ್ನಷ್ಟು ದಪ್ಪವಾಗುವುದೂ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರಲ್ಲಿ ಬಲ ಹೃತ್ಕುಕ್ಷಿ ಬಳಲುವುದೂ ಯಾರೂ ಹೇಳಿಕೊಡದೆ ನಿಮಗೇ ಹೊಳೆಯುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಎಡ ಹೃತ್ಕುಕ್ಷಿ ಬಲವಾಗಿ ಸಂಕುಚಿಸುವಾಗ ತನ್ನದೇ ಗೋಡೆಯೊಳಗಿನ ರಕ್ತನಾಳಗಳನ್ನು ಒತ್ತಿಬಿಡುತ್ತದೆ. ಆದ್ದರಿಂದ ಅದರ ಸ್ನಾಯುವಿಗೆ ರಕ್ತ ಮುಖ್ಯವಾಗಿ ಸಿಗುವುದು ಎರಡು ಬಡಿತಗಳ ನಡುವಣ ವಿರಾಮದಲ್ಲಿ. ಹೃದಯದ ವೇಗ ಹೆಚ್ಚಿದಂತೆ ಮೊಟಕಾಗುವುದು ಮುಖ್ಯವಾಗಿ ಆ ವಿರಾಮವೇ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕರೊನರಿ ಅಪಧಮನಿ ಕಿರಿದಾಗಿರುವ ರೋಗಿಗೆ ಮೆಟ್ಟಿಲು ಹತ್ತುವಾಗ ಎದೆನೋವು ಬರುವುದಕ್ಕೆ ಇದೂ ಒಂದು ಕಾರಣ. ಗೋಡೆಯ ದಪ್ಪದಿಂದ ಹೊರಟವರು ಎದೆನೋವಿನ ಕಾರಣಕ್ಕೆ ಬಂದು ತಲುಪಿದೆವು.

ತರಗತಿ ಆರಂಭವಾಗುವ ಮೊದಲು ನಿಮ್ಮ ಕೈಮೇಲೆಯೇ ಒಂದು ಪ್ರಯೋಗ ಮಾಡಿ ನೋಡಿ. ಮೊಣಕೈಗಿಂತ ಮೇಲೆ ಒಂದು ಬಟ್ಟೆಯ ಪಟ್ಟಿಯನ್ನು ತುಸು ಬಿಗಿಯಾಗಿ ಕಟ್ಟಿ. ಮಣಿಕಟ್ಟಿನ ನಾಡಿ ಬಡಿಯುತ್ತಲೇ ಇರಬೇಕು, ಅಷ್ಟೇ ಬಿಗಿ. ಮುಂಗೈಯ ಅಭಿಧಮನಿಗಳು ಉಬ್ಬುತ್ತವೆ, ಅಲ್ಲಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಒಂದು ಗಂಟಿನ ಕೆಳಗೆ, ಅಂದರೆ ಬೆರಳುಗಳ ಕಡೆಗೆ, ನಾಳದ ಮೇಲೆ ಒಂದು ಬೆರಳನ್ನು ಒತ್ತಿಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೊಣಕೈಯ ಕಡೆಗೆ ಸವರುತ್ತ ಗಂಟನ್ನು ದಾಟಿಸಿ. ಆ ಭಾಗ ಚಪ್ಪಟೆಯಾಗಿಯೇ ಉಳಿಯುತ್ತದೆ. ಮೇಲಿನಿಂದ ರಕ್ತ ಹಿಂತಿರುಗುವುದಿಲ್ಲ. ಕೆಳಗಿನ ಬೆರಳನ್ನು ಎತ್ತಿದೊಡನೆ ತುಂಬಿಕೊಳ್ಳುತ್ತದೆ. ಆ ಗಂಟುಗಳೇ ಕವಾಟಗಳು. ಒಂದೆರಡು ನಿಮಿಷದೊಳಗೆ ಪಟ್ಟಿಯನ್ನು ಬಿಚ್ಚಿಬಿಡಿ.

ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯನ್ನು ಪ್ರತಿಪಾದಿಸಿದಾಗ ಮುಂದಿಟ್ಟ ಸಾಕ್ಷ್ಯಗಳಲ್ಲಿ ಇದೂ ಒಂದು. ಅವನ ಇನ್ನೊಂದು ವಾದ ಬರಿಯ ಲೆಕ್ಕದ್ದು. ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತವನ್ನು ಎಷ್ಟೇ ಕಡಿಮೆಯೆಂದು ಹಿಡಿದರೂ ಅಲ್ಪಕಾಲದಲ್ಲೇ ಅದು ದೇಹದಲ್ಲಿರುವ ಒಟ್ಟು ರಕ್ತವನ್ನು ಮೀರುತ್ತದೆ. ಅಷ್ಟೊಂದು ರಕ್ತ ಆಹಾರದಿಂದ ಹೊಸದಾಗಿ ಹುಟ್ಟಲು ಸಾಧ್ಯವಿಲ್ಲ. ಆದ್ದರಿಂದ ಅದೇ ರಕ್ತ ಸುತ್ತಿ ಬರುತ್ತಿರಬೇಕು. ಇಂದಿನ ಅಂಕಿಗಳಲ್ಲಿ 70 ಮಿ.ಲೀ.ಯನ್ನು ನಿಮಿಷಕ್ಕೆ 70 ಬಡಿತದಿಂದ ಗುಣಿಸಿದರೆ ಸುಮಾರು 5 ಲೀಟರ್, ಅಂದರೆ ದೇಹದಲ್ಲಿರುವ ಹೆಚ್ಚುಕಡಿಮೆ ಎಲ್ಲ ರಕ್ತ ಒಂದೇ ನಿಮಿಷದಲ್ಲಿ ಹೃದಯವನ್ನು ಹಾದುಹೋಗುತ್ತದೆ. ಅಪಧಮನಿಯಿಂದ ಅಭಿಧಮನಿಗೆ ರಕ್ತ ಹೇಗೆ ದಾಟುತ್ತದೆಂಬುದನ್ನು ಮಾತ್ರ ಹಾರ್ವೆ ಕಾಣಲಾಗಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ನಂತರ, 1661ರಲ್ಲಿ, ಮಾಲ್ಪಿಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅವೆರಡನ್ನೂ ಜೋಡಿಸುವ ಲೋಮನಾಳಗಳನ್ನು ವಿವರಿಸಿದನು. ಕಾರ್ಯವನ್ನು ತರ್ಕದಿಂದ ಊಹಿಸಿದ ಮೇಲೆ ರಚನೆ ಕಣ್ಣಿಗೆ ಬಿದ್ದ ಉದಾಹರಣೆ ಇದು. ಎರಡನ್ನೂ ಕೂಡಿಸಿ ಓದಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ.

ಐಸಿಯು ಸ್ಟಾಫ್ ನರ್ಸ್, ಜಯನಗರ

ಸರ್ ಹೇಳಿದ್ದಕ್ಕೆ ವಾರ್ಡಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ತಂಗಿ, ನಿಮ್ಮ ನೋಟ್ಸಿನಲ್ಲಿ ‘ಪ್ರತಿ ಮೂತ್ರಪಿಂಡದಲ್ಲಿ ರಕ್ತ ಸೋಸುವ ಸುಮಾರು 10 ಲಕ್ಷ ನೆಫ್ರಾನ್‌ಗಳು, ಎರಡೂ ಸೇರಿ ನಿಮಿಷಕ್ಕೆ 125 ಮಿ.ಲೀ. ಶೋಧನೆ’ ಎಂದು ಬರೆದಿರುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ 180 ಲೀಟರ್. ಮೈಯಲ್ಲಿರುವ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಸುಮಾರು 3 ಲೀಟರ್ ಮಾತ್ರ. ಅಂದರೆ ಅದೇ ಪ್ಲಾಸ್ಮಾ ದಿನಕ್ಕೆ ಅರವತ್ತು ಸಲ ಸೋಸಲ್ಪಡುತ್ತದೆ. ಅದರಲ್ಲಿ ಶೇಕಡ 99 ಭಾಗ ಹಿಂದಕ್ಕೆ ಹೀರಿಕೆಯಾಗಿ, ಒಂದೂವರೆ ಲೀಟರಿನಷ್ಟು ಮೂತ್ರವಾಗಿ ಹೊರಬರುತ್ತದೆ. ಇಷ್ಟು ದೊಡ್ಡ ಕೆಲಸಕ್ಕಾಗಿ ಹೃದಯ ಹೊರಹಾಕುವ ರಕ್ತದ ಐದನೇ ಒಂದು ಭಾಗದಷ್ಟು ಈ ಎರಡು ಪುಟ್ಟ ಅಂಗಗಳಿಗೆ ಹೋಗುತ್ತದೆ.

ಈಗ ಐಸಿಯುಗೆ ಬನ್ನಿ. ರಾತ್ರಿ ಪಾಳಿಯಲ್ಲಿ ಮಾನಿಟರಿನ ಮೇಲೆ ಬಿ.ಪಿ. 110/70 ಎಂದು ತೋರಿಸುತ್ತಿರುತ್ತದೆ. ನೋಡಿದವರು ರೋಗಿ ಚೆನ್ನಾಗಿದ್ದಾರೆ ಎಂದುಕೊಳ್ಳಬೇಕು. ಆದರೆ ಯೂರಿನ್ ಬ್ಯಾಗಿನ ಅಳತೆಯ ಕೊಳವೆಯಲ್ಲಿ ಕಳೆದ ಗಂಟೆಯಲ್ಲಿ ಬಂದದ್ದು 10 ಮಿ.ಲೀ., ಬಣ್ಣ ದಟ್ಟ ಹಳದಿ. ವಯಸ್ಕ ರೋಗಿಯಲ್ಲಿ ಒಂದು ಕೆ.ಜಿ. ತೂಕಕ್ಕೆ ಗಂಟೆಗೆ ಕನಿಷ್ಠ 0.5 ಮಿ.ಲೀ. ಇರಬೇಕೆಂದು ನಾವು ನೋಡಿಕೊಳ್ಳುತ್ತೇವೆ, 60 ಕೆ.ಜಿ.ಯವರಿಗೆ 30 ಮಿ.ಲೀ. ರಕ್ತ ಅಥವಾ ನೀರಿನಂಶ ನಷ್ಟವಾದಾಗ ದೇಹವು ಮಿದುಳು, ಹೃದಯಗಳ ಪಾಲನ್ನು ಕಾಯಲು ಚರ್ಮ, ಕರುಳು, ಮೂತ್ರಪಿಂಡಗಳ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಹಾರ್ಮೋನುಗಳು ಉಪ್ಪು, ನೀರನ್ನು ಹಿಡಿದಿಡುತ್ತವೆ. ಬಿ.ಪಿ. ಇಳಿಯದಂತೆ ದೇಹ ಹೆಣಗಾಡುತ್ತಿರುವಾಗಲೇ ಮೂತ್ರ ಕಡಿಮೆಯಾಗಿರುತ್ತದೆ. ಕಡಿಮೆಯಾದದ್ದನ್ನು ಬರೆದಿಟ್ಟು ಸುಮ್ಮನಿರುವ ನರ್ಸ್ ಬೇರೆ, ಇದು ಮುನ್ಸೂಚನೆ ಎಂದು ಅರಿತು, ಮೊದಲು ಕ್ಯಾಥೆಟರ್ ಮಡಚಿಕೊಂಡಿದೆಯೇ ಎಂದು ನೋಡಿ, ಇಲ್ಲವಾದರೆ ತಕ್ಷಣ ಡ್ಯೂಟಿ ಡಾಕ್ಟರಿಗೆ ಹೇಳುವ ನರ್ಸ್ ಬೇರೆ. ಆ ಎರಡನೆಯವರು ಮೊದಲ ವರ್ಷದ ಪಾಠವನ್ನು ಅರ್ಥಮಾಡಿಕೊಂಡು ಓದಿದವರು.

ಎರಡನೇ ವರ್ಷದ ಎಂಬಿಬಿಎಸ್ ವಿದ್ಯಾರ್ಥಿ, ವಿಜಯನಗರ

ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕಾಗಿದೆ. ‘ಅರ್ಥಮಾಡಿಕೊಂಡು ಓದಿ, ಬಾಯಿಪಾಠ ಬೇಡ’ ಎಂಬ ಸಲಹೆಯನ್ನು ಕೇಳಿ ಹೆಸರುಗಳನ್ನೇ ಕಲಿಯದೆ ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಹೋಗಿ ತಬ್ಬಿಬ್ಬಾದ ಸ್ನೇಹಿತರನ್ನು ನೋಡಿದ್ದೇನೆ. ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳ ಹೆಸರನ್ನು ತರ್ಕದಿಂದ ಕಂಡುಕೊಳ್ಳಲಾಗದು. ಹನ್ನೆರಡು ಜೋಡಿ ಕಪಾಲ ನರಗಳ ಕ್ರಮಸಂಖ್ಯೆ, ತೋಳಿನ ನರಜಾಲದ ಕವಲುಗಳು, ಇವುಗಳನ್ನು ಕಂಠಸ್ಥ ಮಾಡದೆ ಬೇರೆ ದಾರಿಯಿಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ತರಗತಿಯಲ್ಲಿ ಹೆಸರು ಗುರುತಿಸುವುದಕ್ಕೇ ಸಮಯ ಹೋದರೆ ವಿವರಣೆ ಕಿವಿಯ ಮೇಲೆ ಬಿದ್ದರೂ ಒಳಗೆ ಇಳಿಯುವುದಿಲ್ಲ. ಆದ್ದರಿಂದ ರಜೆಯಲ್ಲಿ ಹೆಸರುಗಳನ್ನು ಗಟ್ಟಿಯಾಗಿ ಓದಿಕೊಳ್ಳುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ನಿವೃತ್ತ ಅಂಗರಚನಾಶಾಸ್ತ್ರ ಬೋಧಕ, ಬಸವನಗುಡಿ

ಹೆಸರು ಬೇಡವೆಂದು ನಾನು ಹೇಳುವುದಿಲ್ಲ. ಹೆಸರಿಲ್ಲದೆ ಒಬ್ಬ ವೈದ್ಯರು ಇನ್ನೊಬ್ಬರಿಗೆ ಏನನ್ನೂ ತಿಳಿಸಲಾರರು. ನಿಮ್ಮ ಮಾತಿನಲ್ಲಿ, ಅದರಲ್ಲೂ ಮಾಧ್ಯಮ ಬದಲಾಗುವವರ ಕುರಿತು ಹೇಳಿದ್ದರಲ್ಲಿ, ಹುರುಳಿದೆ. ನನ್ನ ಆಕ್ಷೇಪಣೆ ಇರುವುದು ಹೆಸರನ್ನು ಹಾಳೆಯಿಂದ ಹಾಳೆಗೆ ಇಳಿಸುವ ಪದ್ಧತಿಯ ಬಗ್ಗೆ. ಹೆಸರನ್ನು ಬೆರಳಿನ ತುದಿಗೆ ಕಟ್ಟಿಕೊಳ್ಳಿ. ಕತ್ತಿನ ಕೆಳಗೆ ಎರಡು ಕೊರಳೆಲುಬುಗಳ ನಡುವಿನ ತಗ್ಗಿನಿಂದ ಬೆರಳನ್ನು ಕೆಳಕ್ಕೆ ಜಾರಿಸಿದರೆ ಎದೆಮೂಳೆಯ ಮೇಲೆ ಅಡ್ಡವಾದ ಒಂದು ಏಣು ಸಿಗುತ್ತದೆ. ಅಲ್ಲಿ ಪಕ್ಕಕ್ಕೆ ಸರಿದರೆ ಸಿಗುವುದು ಎರಡನೆಯ ಪಕ್ಕೆಲುಬು. ಅದರ ಕೆಳಗಿನದು ಎರಡನೆಯ ಎಡೆ, ಅಂದರೆ ಪಕ್ಕೆಲುಬುಗಳ ನಡುವಿನ ಜಾಗ. ಹೀಗೆ ಎಣಿಸುತ್ತ ಎಡಭಾಗದಲ್ಲಿ ಐದನೆಯ ಎಡೆಗೆ ಬಂದು, ಕೊರಳೆಲುಬಿನ ನಡುವಿನಿಂದ ನೇರ ಕೆಳಕ್ಕೆ ಎಳೆದ ಗೆರೆಯ ತುಸು ಒಳಬದಿಯಲ್ಲಿ ಅಂಗೈ ಇಟ್ಟರೆ ಬಹಳಷ್ಟು ಮಂದಿಯಲ್ಲಿ ಹೃದಯದ ತುದಿಯ ಬಡಿತ ತಿಳಿಯುತ್ತದೆ. ಇಸಿಜಿಯ ನಾಲ್ಕನೆಯ ಎದೆಲೀಡನ್ನು ಅಂಟಿಸುವುದೂ ಅದೇ ಐದನೆಯ ಎಡೆಯಲ್ಲಿ, ಕೊರಳೆಲುಬಿನ ನಡುಗೆರೆಯ ಮೇಲೆ. ಹೀಗೆ ಕಲಿತ ಹೆಸರು ಪರೀಕ್ಷೆಯ ಭಯಕ್ಕೂ ಹಾರಿಹೋಗುವುದಿಲ್ಲ.

ಶವಚ್ಛೇದನ ಕೊಠಡಿಯ ಬಗ್ಗೆಯೂ ಒಂದು ಮಾತು. ಚಿತ್ರಗಳಲ್ಲಿ ಅಪಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ. ಫಾರ್ಮಲಿನ್‌ನಲ್ಲಿ ಸಂರಕ್ಷಿಸಿದ ದೇಹದಲ್ಲಿ ಆ ಬಣ್ಣಗಳು ಇರುವುದಿಲ್ಲ. ಮೂರೂ ಬಹುತೇಕ ಒಂದೇ ಕಂದುಬೂದು. ಮೊದಲ ದಿನ ಎಲ್ಲರೂ ಕಂಗೆಡುವುದು ಅಲ್ಲೇ. ಕೈಗವಸು ತೊಟ್ಟ ಹೆಬ್ಬೆರಳು, ತೋರುಬೆರಳುಗಳ ನಡುವೆ ಹೊರಳಿಸಿ ನೋಡಿ: ಅಪಧಮನಿಯ ಗೋಡೆ ದಪ್ಪ, ಒತ್ತಿ ಬಿಟ್ಟರೆ ದುಂಡಗಾಗುತ್ತದೆ, ಅಭಿಧಮನಿ ತೆಳುವಾಗಿ ಚಪ್ಪಟೆಯಾಗಿ ಬಿದ್ದಿರುತ್ತದೆ, ನರವು ಒಳಗೆ ಟೊಳ್ಳಿಲ್ಲದ ಗಟ್ಟಿ ಹುರಿಯ ಹಾಗೆ ಸಿಗುತ್ತದೆ. ಒತ್ತಡ ತಡೆಯಬೇಕಾದ್ದಕ್ಕೆ ದಪ್ಪ ಗೋಡೆ, ಕಡಿಮೆ ಒತ್ತಡದಲ್ಲಿ ರಕ್ತವನ್ನು ಶೇಖರಿಸಿ ಮರಳಿಸುವುದಕ್ಕೆ ತೆಳು ಗೋಡೆ; ಇಲ್ಲಿಯೂ ಕಾರ್ಯವೇ ಬೆರಳಿಗೆ ಸಿಗುತ್ತಿದೆ. ಅಭಿಧಮನಿಯ ರಕ್ತ ನೀಲಿಯೆಂದು ಇನ್ನೂ ನಂಬಿರುವವರು ಇದ್ದರೆ, ಅದು ಕಡುಗೆಂಪು ಎಂಬುದನ್ನು ಈಗಲೇ ತಿಳಿದುಕೊಳ್ಳಿ. ನೀಲಿಯಾಗಿ ಕಾಣುವುದು ಚರ್ಮದ ಮೂಲಕ ಬೆಳಕು ಚದುರುವ ರೀತಿಯಿಂದ. ಮತ್ತು ಆ ಮೇಜಿನ ಮೇಲಿರುವವರಲ್ಲಿ ಹಲವರು ಬದುಕಿದ್ದಾಗಲೇ ಒಪ್ಪಿಗೆ ಬರೆದುಕೊಟ್ಟ ದೇಹದಾನಿಗಳು. ಅಲ್ಲಿ ಮೊಬೈಲು ಹೊರಗೆ ತೆಗೆಯಕೂಡದು.

ಬೆಂಗಳೂರಿನಲ್ಲಿರುವವರಿಗೆ ಇನ್ನೊಂದು ಅನುಕೂಲವಿದೆ. ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯದಲ್ಲಿ ಸಾರ್ವಜನಿಕರಿಗೂ ಪ್ರವೇಶವಿದೆ. ಸಂರಕ್ಷಿಸಿದ ಮಿದುಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಅಲ್ಲಿ ಸಿಗುತ್ತದೆ. ದೇಹದ ತೂಕದ ಶೇಕಡ 2ರಷ್ಟಿದ್ದು ವಿಶ್ರಾಂತಿಯಲ್ಲಿ ದೇಹ ಬಳಸುವ ಆಮ್ಲಜನಕದ ಶೇಕಡ 20ರಷ್ಟನ್ನು ತಾನೇ ಬಳಸುವ ಅಂಗ ಅದು. ಭೇಟಿಯ ದಿನ, ವೇಳೆಗಳನ್ನು ಮೊದಲೇ ವಿಚಾರಿಸಿಕೊಂಡು ಹೋಗಿ.

ಲ್ಯಾಬ್ ಟೆಕ್ನೀಷಿಯನ್, ರಾಜಾಜಿನಗರ

ಪ್ಯಾರಾಮೆಡಿಕಲ್ ಕೋರ್ಸಿಗೆ ಬರುವವರೂ ಇದನ್ನು ಓದುತ್ತಿರಬಹುದೆಂದು ಬರೆಯುತ್ತಿದ್ದೇನೆ. ರಕ್ತ ತೆಗೆಯಲು ನಾವು ಮೊಣಕೈಯ ಒಳಮಡಿಕೆಯ ನಡುವಿನ ಅಭಿಧಮನಿಯನ್ನೇ ಹುಡುಕುವುದೇಕೆ? ಅದು ದಪ್ಪವಾಗಿದೆ, ಚರ್ಮಕ್ಕೆ ಹತ್ತಿರವಿದೆ ಎಂಬುದಷ್ಟೇ ಅಲ್ಲ. ಅದರ ಕೆಳಗೆ ಬೈಸೆಪ್ಸ್ ಸ್ನಾಯುವಿನಿಂದ ಹೊರಟ ಬಿಳಿಯ, ಬಲವಾದ ಒಂದು ಪೊರೆ ಹಾಸಿಕೊಂಡಿದೆ. ಆ ಪೊರೆಯ ಕೆಳಗೆ ತೋಳಿನ ಅಪಧಮನಿಯೂ ಮೀಡಿಯನ್ ನರವೂ ಹಾದುಹೋಗುತ್ತವೆ. ಪೊರೆ ಅವೆರಡಕ್ಕೂ ಕಾವಲು. ಅದರ ಬದಲು ಒಳಬದಿಯ ಅಭಿಧಮನಿಗೆ ಚುಚ್ಚಲು ಹೋದರೆ ಅಪಧಮನಿ, ನರಗಳು ಹತ್ತಿರದಲ್ಲೇ ಸಿಗುತ್ತವೆ. ಆದ್ದರಿಂದ ಅದು ಕೊನೆಯ ಆಯ್ಕೆ.

ಇನ್ನು ಶರೀರಕ್ರಿಯೆಯ ಭಾಗ. ಪೊಟ್ಯಾಸಿಯಂನ ಶೇಕಡ 98ರಷ್ಟು ಜೀವಕೋಶಗಳ ಒಳಗಿರುತ್ತದೆ. ರಕ್ತದಲ್ಲಿ ಇರಬೇಕಾದದ್ದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಮಾತ್ರ. ನಾಳ ಉಬ್ಬಲೆಂದು ರೋಗಿಗೆ ಪದೇಪದೇ ಮುಷ್ಟಿ ಹಿಡಿದು ಬಿಡಲು ಹೇಳಿದರೆ ಸ್ನಾಯುಗಳಿಂದ ಪೊಟ್ಯಾಸಿಯಂ ಹೊರಬಂದು ಆ ತೋಳಿನ ರಕ್ತದಲ್ಲಿ ಸೇರುತ್ತದೆ. ಸೂಜಿಯ ಮೂಲಕ ಜೋರಾಗಿ ಎಳೆದರೆ ಕೆಂಪು ರಕ್ತಕಣಗಳು ಒಡೆದು ಇನ್ನಷ್ಟು ಸೇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಪೊಟ್ಯಾಸಿಯಂ ಇರುವ ಇಡಿಟಿಎ ಟ್ಯೂಬಿನ ರಕ್ತವನ್ನು ಬೇರೆ ಟ್ಯೂಬಿಗೆ ಸುರಿದರಂತೂ ಪೊಟ್ಯಾಸಿಯಂ ವಿಪರೀತ ಏರಿ, ಕ್ಯಾಲ್ಸಿಯಂ ಇಳಿದು ಬರುತ್ತದೆ. ವರದಿಯಲ್ಲಿ 6.5 ಎಂದು ಬಂದರೆ ವೈದ್ಯರು ಗಾಬರಿಯಾಗಿ ಇಸಿಜಿ ತೆಗೆಸುತ್ತಾರೆ, ಏಕೆಂದರೆ ನಿಜವಾಗಿಯೂ ಅಷ್ಟಿದ್ದರೆ ಹೃದಯದ ಲಯ ಕೆಡಬಹುದು. ಟೂರ್ನಿಕೆಟ್ (ತೋಳಿಗೆ ಕಟ್ಟುವ ಪಟ್ಟಿ) ಒಂದು ನಿಮಿಷ ಮೀರದಂತೆ ಬಿಚ್ಚಬೇಕು, ಮುಷ್ಟಿಯನ್ನು ಆಡಿಸಬಾರದು ಎಂಬ ನಿಯಮಗಳನ್ನು ನಿಯಮಗಳೆಂದು ಕಲಿತವರು ಜನಜಂಗುಳಿಯ ದಿನ ಮರೆಯುತ್ತಾರೆ. ಪೊಟ್ಯಾಸಿಯಂ ಎಲ್ಲಿರುತ್ತದೆಂದು ತಿಳಿದವರು ಮರೆಯುವುದಿಲ್ಲ.

ಫಿಸಿಯೋಥೆರಪಿ ವಿದ್ಯಾರ್ಥಿ, ಕೆಂಗೇರಿ

ನನ್ನದೂ ಒಂದು ಸಂದೇಹವಿದೆ. ಪುಸ್ತಕದಲ್ಲಿ ಉಸಿರಾಟದ ಲೆಕ್ಕಗಳೆಲ್ಲ ವಾಯುಭಾರ 760 ಮಿ.ಮೀ. ಪಾದರಸ ಎಂದು ಹಿಡಿದು ಮಾಡಲ್ಪಟ್ಟಿವೆ. ಅದು ಸಮುದ್ರಮಟ್ಟದ ಅಂಕಿ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ. ಹಾಗಿದ್ದರೆ ನಮ್ಮೂರಿನಲ್ಲಿ ಆ ಲೆಕ್ಕಗಳು ಹೇಗೆ ಬದಲಾಗುತ್ತವೆ? ಆಮ್ಲಜನಕ ಕಡಿಮೆಯಿದ್ದರೆ ಆಕ್ಸಿಮೀಟರಿನಲ್ಲಿ ಅದು ಕಾಣಬೇಕಲ್ಲವೇ?

ಅರಿವಳಿಕೆ ತಜ್ಞೆ, ಮಲ್ಲೇಶ್ವರ

ಬಹಳ ಒಳ್ಳೆಯ ಪ್ರಶ್ನೆ. ಇದನ್ನು ಕೇಳುವ ವಿದ್ಯಾರ್ಥಿಗಳು ಕಡಿಮೆ. ಬೆಂಗಳೂರಿನ ವಾಯುಭಾರ ಸುಮಾರು 680 ಮಿ.ಮೀ. ಪಾದರಸ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇಕಡ 21ರಷ್ಟೇ, ಕಡಿಮೆಯಾಗುವುದು ಅದರ ಒತ್ತಡ. ಒಳಗೆ ಹೋದ ಗಾಳಿ ಶ್ವಾಸನಾಳದಲ್ಲಿ ತೇವಗೊಳ್ಳುವುದರಿಂದ ನೀರಾವಿಯ 47ನ್ನು ಕಳೆಯಬೇಕು. 680ರಲ್ಲಿ 47 ಕಳೆದು 0.21ರಿಂದ ಗುಣಿಸಿದರೆ ಸುಮಾರು 133. ಸಮುದ್ರಮಟ್ಟದಲ್ಲಿ ಇದು 150. ವಾಯುಕೋಶಗಳನ್ನು ತಲುಪುವಾಗ ಇಂಗಾಲದ ಡೈಆಕ್ಸೈಡಿನ ಲೆಕ್ಕಕ್ಕೆ ಇನ್ನೂ ಸುಮಾರು 50 ಕಳೆಯುತ್ತದೆ. ಉಳಿಯುವುದು ಮಂಗಳೂರಿನವರಿಗೆ 100, ನಮಗೆ 83ರ ಆಸುಪಾಸು. ಇಲ್ಲಿರುವವರ ಉಸಿರಾಟ ಒಂದಿಷ್ಟು ಹೆಚ್ಚಿದರೆ ಈ ಅಂತರ ಸ್ವಲ್ಪ ತಗ್ಗುತ್ತದೆ.

ಹಾಗಿದ್ದರೂ ಆಕ್ಸಿಮೀಟರಿನಲ್ಲಿ ನಮ್ಮ ಅಂಕಿ ಸಾಮಾನ್ಯವಾಗಿ 95ಕ್ಕಿಂತ ಮೇಲೆಯೇ ಇರುತ್ತದೆ. ಇದಕ್ಕೆ ಕಾರಣ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವ ಬಗೆ. ಆ ಸಂಬಂಧವನ್ನು ಗ್ರಾಫಿನಲ್ಲಿ ಬರೆದರೆ ಗೆರೆ ನೇರವಾಗಿರುವುದಿಲ್ಲ, ಮೇಲ್ಭಾಗದಲ್ಲಿ ಮಟ್ಟಸವಾಗಿರುತ್ತದೆ. ಒತ್ತಡ 100ರಿಂದ 80ಕ್ಕೆ ಇಳಿದರೂ ಶೇಕಡ ಎರಡು ಮೂರು ಮಾತ್ರ ಕಡಿಮೆಯಾಗುತ್ತದೆ. 60ಕ್ಕೆ ಇಳಿದರೂ ಶೇಕಡ 90ರಷ್ಟು ಉಳಿದಿರುತ್ತದೆ. ಅಲ್ಲಿಂದ ಕೆಳಗೆ ಮಾತ್ರ ಗೆರೆ ಕಡಿದಾಗಿ ಬೀಳುತ್ತದೆ. 98ರಿಂದ 95ಕ್ಕೆ ಬಂದ ರೋಗಿಯನ್ನು ನಾವು ಗಮನಿಸುತ್ತೇವೆ. 90ರಿಂದ 87ಕ್ಕೆ ಬಂದ ರೋಗಿಯ ಹಾಸಿಗೆಗೆ ಓಡುತ್ತೇವೆ. ಎರಡರಲ್ಲೂ ವ್ಯತ್ಯಾಸ ಮೂರೇ ಆದರೂ ಗೆರೆಯ ಮೇಲೆ ಅವು ನಿಂತಿರುವ ಜಾಗ ಬೇರೆ.

ಆಕ್ಸಿಮೀಟರು ಹೇಳದ ಒಂದು ಸಂಗತಿಯೂ ಇದೆ, ನಮ್ಮ ನಾಡಿನಲ್ಲಿ ಅದು ಬಹಳ ಮುಖ್ಯ. ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಭಾಗ ತುಂಬಿದೆ ಎಂದಷ್ಟೇ ಅದು ಹೇಳುತ್ತದೆ. ಹಿಮೋಗ್ಲೋಬಿನ್ ಎಷ್ಟಿದೆ ಎಂದು ಹೇಳುವುದಿಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಮ್ಲಜನಕವನ್ನು ಹೊರುತ್ತದೆ. 15 ಗ್ರಾಂ ಇರುವವರ 100 ಮಿ.ಲೀ. ರಕ್ತದಲ್ಲಿ ಸುಮಾರು 20 ಮಿ.ಲೀ. ಆಮ್ಲಜನಕವಿದ್ದರೆ, 6 ಗ್ರಾಂ ಇರುವ ರಕ್ತಹೀನತೆಯ ಗರ್ಭಿಣಿಯಲ್ಲಿ 8 ಮಾತ್ರ. ಆಕ್ಸಿಮೀಟರು ಇಬ್ಬರಿಗೂ 98 ಎಂದೇ ತೋರಿಸಬಹುದು. ಆ ತಾಯಿ ನಾಲ್ಕು ಹೆಜ್ಜೆಗೆ ಏದುಸಿರು ಬಿಡುವುದನ್ನೂ, ಅವರ ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಂಡಿರುವುದನ್ನೂ ನೀವೇ ನೋಡಬೇಕು.

ಶ್ವಾಸಕೋಶದ ಮಾತು ಬಂದಿದ್ದರಿಂದ ರಚನೆಯ ಒಂದು ಅಂಶವನ್ನೂ ಹೇಳಿಬಿಡುತ್ತೇನೆ. ಶ್ವಾಸನಾಳ ಎರಡಾಗಿ ಕವಲೊಡೆಯುವಲ್ಲಿ ಬಲಗವಲು ಎಡದ್ದಕ್ಕಿಂತ ಅಗಲ, ಗಿಡ್ಡ ಮತ್ತು ಹೆಚ್ಚು ನೆಟ್ಟಗೆ. ಅರಿವಳಿಕೆಗಾಗಿ ಹಾಕುವ ನಳಿಕೆ ತುಸು ಆಳಕ್ಕೆ ಹೋದರೆ ಸಾಮಾನ್ಯವಾಗಿ ಬಲಕ್ಕೇ ಇಳಿಯುತ್ತದೆ. ಆದ್ದರಿಂದ ನಳಿಕೆ ಹಾಕಿದ ಮೇಲೆ ಎಡ ಎದೆಯಲ್ಲಿ ಉಸಿರಿನ ಸದ್ದು ಇದೆಯೇ ಎಂದು ತಪ್ಪದೆ ಆಲಿಸುತ್ತೇವೆ. ಉಸಿರಿನೊಂದಿಗೆ ಒಳಗೆ ಸರಿದ ವಸ್ತು ಹೋಗುವುದೂ ಹೆಚ್ಚಾಗಿ ಅಲ್ಲಿಗೇ. ಕಾರ್ತೀಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಎಳೆಯ ಮಕ್ಕಳನ್ನು ಕರೆದೊಯ್ಯುವವರು ಇದನ್ನು ನೆನಪಿಡಬೇಕು. ದವಡೆಹಲ್ಲು ಸರಿಯಾಗಿ ಬಾರದ ಮಗು ಕಡಲೆಬೀಜವನ್ನು ಅಗಿಯಲಾರದು. ನಗುತ್ತಲೋ ಅಳುತ್ತಲೋ ಉಸಿರೆಳೆದಾಗ ಬೀಜದ ಹೋಳು ಒಳಗೆ ಸರಿಯುತ್ತದೆ. ಮೊದಲು ಜೋರಾಗಿ ಕೆಮ್ಮಿ ಆಮೇಲೆ ಮಗು ಸುಮ್ಮನಾದರೂ ಅಪಾಯ ಕಳೆಯಿತೆಂದು ತಿಳಿಯಬಾರದು, ಆಸ್ಪತ್ರೆಗೆ ಕರೆತರಲೇಬೇಕು.

ಫಿಸಿಯೋಥೆರಪಿಸ್ಟ್, ಬನಶಂಕರಿ

ನರಗಳ ಪಟ್ಟಿಯ ಬಗ್ಗೆ ಎಂಬಿಬಿಎಸ್ ತಮ್ಮ ಹೇಳಿದ್ದಕ್ಕೆ ಒಂದು ಉಪಾಯ ಹೇಳುತ್ತೇನೆ. ಒಂದು ನರದ ದಾರಿಯನ್ನು ಉದ್ದಕ್ಕೂ ಕಲಿಯುವ ಮೊದಲು ಅದು ಮೂಳೆಗೆ ಅಂಟಿಕೊಂಡು ಹೋಗುವ ಜಾಗವನ್ನು ಕಲಿಯಿರಿ, ಏಕೆಂದರೆ ಪೆಟ್ಟು ಬೀಳುವುದು ಅಲ್ಲೇ. ಮೊಣಕಾಲಿನ ಹೊರಬದಿಯಲ್ಲಿ ತುಸು ಕೆಳಗೆ ಒಂದು ಉಬ್ಬು ಕೈಗೆ ಸಿಗುತ್ತದೆ. ಅದು ಫಿಬುಲಾ ಮೂಳೆಯ ತಲೆ. ಅದರ ಕತ್ತನ್ನು ಸುತ್ತಿಕೊಂಡು ಒಂದು ನರ ಮುಂದಕ್ಕೆ ಬರುತ್ತದೆ, ಮೇಲೆ ಚರ್ಮವಲ್ಲದೆ ಹೆಚ್ಚಿನ ರಕ್ಷಣೆ ಇಲ್ಲ. ಬಿಗಿಯಾದ ಪ್ಲಾಸ್ಟರ್, ಶಸ್ತ್ರಚಿಕಿತ್ಸೆಯ ವೇಳೆ ಕಾಲನ್ನು ಇರಿಸಿದ ರೀತಿ, ಗಂಟೆಗಟ್ಟಲೆ ಕಾಲ ಮೇಲೆ ಕಾಲು ಹಾಕಿ ಕೂರುವುದು, ಇವುಗಳಲ್ಲಿ ಯಾವುದರಿಂದಲಾದರೂ ಅದು ಒತ್ತಿಹೋಗಬಹುದು. ಆಗ ಪಾದವನ್ನು ಮೇಲಕ್ಕೆ ಎತ್ತಲಾಗದೆ ರೋಗಿ ಚಪ್ಪಲಿಯ ತುದಿಯನ್ನು ಎಳೆದುಕೊಂಡು ನಡೆಯುತ್ತಾರೆ. ತೋಳಿನಲ್ಲಿ ರೇಡಿಯಲ್ ನರ ಇದೇ ರೀತಿ ಹ್ಯೂಮರಸ್ ಮೂಳೆಯ ಹಿಂಬದಿಗೆ ಒತ್ತಿಕೊಂಡು ಸಾಗುತ್ತದೆ. ಅಲ್ಲಿ ಮೂಳೆ ಮುರಿದರೆ ಮಣಿಕಟ್ಟು ಜೋತುಬೀಳುತ್ತದೆ.

ನರ್ಸಿಂಗ್ ಸೇರುವವರಿಗೆ ಇಂಜೆಕ್ಷನ್ನಿನ ಪಾಠವೂ ಇದೇ. ಪೃಷ್ಠದಲ್ಲಿ ಕೊಡುವುದಾದರೆ ಮೇಲಿನ ಹೊರಭಾಗದಲ್ಲೇ ಏಕೆ ಎಂದರೆ ಸಯಾಟಿಕ್ ನರ ಕೆಳಗೆ ಒಳಬದಿಯಲ್ಲಿ ಹಾದುಹೋಗುತ್ತದೆ. ಸೊಂಟದ ಪಕ್ಕಕ್ಕೆ ಕೊಡುವ ವಿಧಾನದಲ್ಲಿ ದೊಡ್ಡ ನರವಾಗಲಿ ರಕ್ತನಾಳವಾಗಲಿ ಹತ್ತಿರವಿಲ್ಲದ ಕಾರಣ ಅದು ಇನ್ನೂ ಸುರಕ್ಷಿತ. ಹಸುಗೂಸುಗಳಿಗೆ ತೊಡೆಯ ಮುಂಭಾಗದ ಹೊರಬದಿಯಲ್ಲಿ ಕೊಡುತ್ತಾರೆ, ಏಕೆಂದರೆ ನಡೆಯಲು ಕಲಿಯದ ಮಗುವಿನ ಪೃಷ್ಠದ ಸ್ನಾಯು ಇನ್ನೂ ಬೆಳೆದಿರುವುದಿಲ್ಲ.

ನರ್ಸಿಂಗ್ ವಿದ್ಯಾರ್ಥಿನಿ, ಯಲಹಂಕ

ಇಷ್ಟೊಂದು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಸರ್ ಹೇಳಿದ ಕವಾಟದ ಪ್ರಯೋಗವನ್ನು ತಮ್ಮನ ಕೈಮೇಲೆ ಮಾಡಿ ನೋಡಿದೆ. ಗಂಟು ಸ್ಪಷ್ಟವಾಗಿ ಕಾಣಿಸಿತು. ಬಳಿಕ ಅವನು ಮಲಗಿದ್ದಾಗಲೂ ಎದ್ದು ನಿಂತ ಕೂಡಲೂ ನಾಡಿ ಎಣಿಸಿದೆ. ನಿಂತಾಗ ನಾಡಿಯ ವೇಗ ಹೆಚ್ಚಾಯಿತು. ಓಡಿಲ್ಲ, ಭಾರ ಎತ್ತಿಲ್ಲ, ಸುಮ್ಮನೆ ನಿಂತದ್ದಕ್ಕೆ ಹೃದಯ ವೇಗವಾಗಿ ಬಡಿಯುವುದೇಕೆ? ಶಸ್ತ್ರಚಿಕಿತ್ಸೆಯಾದವರನ್ನು ಒಮ್ಮೆಲೇ ಎಬ್ಬಿಸಬಾರದು ಎಂದು ಹೇಳುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಐಸಿಯು ಸ್ಟಾಫ್ ನರ್ಸ್, ಜಯನಗರ

ಸಂಬಂಧವಿದೆ. ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಗಳ ಅಭಿಧಮನಿಗಳಿಗೆ ಇಳಿದು ನಿಲ್ಲುತ್ತದೆ. ಹೃದಯಕ್ಕೆ ಹಿಂತಿರುಗುವ ರಕ್ತ ಕಡಿಮೆಯಾಗಿ, ಪ್ರತಿ ಬಡಿತದಲ್ಲಿ ಹೊರಬೀಳುವುದೂ ಕಡಿಮೆಯಾಗಿ, ಒತ್ತಡ ಇಳಿಯಲಾರಂಭಿಸುತ್ತದೆ. ಕತ್ತಿನ ಕೆರೋಟಿಡ್ ಅಪಧಮನಿ ಕವಲೊಡೆಯುವಲ್ಲಿ ಮತ್ತು ಮಹಾಪಧಮನಿಯ ಕಮಾನಿನಲ್ಲಿ ಗೋಡೆಯ ಹಿಗ್ಗುವಿಕೆಯನ್ನು ಗ್ರಹಿಸುವ ನರತುದಿಗಳಿವೆ. ಹಿಗ್ಗು ಕಡಿಮೆಯಾದ ಸುದ್ದಿ ಮಿದುಳಿನ ಬುಡದಲ್ಲಿರುವ ಮೆಡುಲ್ಲಾಗೆ ಹೋಗಿ, ಅಲ್ಲಿಂದ ಹೃದಯದ ವೇಗ ಹೆಚ್ಚಿಸಲು, ರಕ್ತನಾಳಗಳನ್ನು ಬಿಗಿಗೊಳಿಸಲು ಆಜ್ಞೆ ಬರುತ್ತದೆ. ಇದೆಲ್ಲ ಕೆಲವೇ ಸೆಕೆಂಡುಗಳಲ್ಲಿ ನಡೆದುಹೋಗುತ್ತದೆ. ನಿಮ್ಮ ತಮ್ಮನಲ್ಲಿ ನೀವು ಎಣಿಸಿದ್ದು ಅದನ್ನೇ.

ಹಲವು ದಿನ ಮಲಗಿದ್ದವರಲ್ಲಿ, ರಕ್ತ ಹೋದವರಲ್ಲಿ, ವಯಸ್ಸಾದವರಲ್ಲಿ ಈ ವ್ಯವಸ್ಥೆ ಸಾಕಾಗದೆ ಕಣ್ಣು ಕತ್ತಲಿಟ್ಟು ಬೀಳುತ್ತಾರೆ. ಅದಕ್ಕಾಗಿ ಮೊದಲು ಹಾಸಿಗೆಯ ತಲೆಭಾಗ ಎತ್ತಿ, ಬಳಿಕ ಕಾಲು ಇಳಿಬಿಟ್ಟು ಕೂರಿಸಿ, ಪಾದಗಳನ್ನು ಆಡಿಸಲು ಹೇಳಿ, ತಲೆ ಸುತ್ತುವುದಿಲ್ಲವೆಂದು ಖಚಿತವಾದ ಮೇಲೆಯೇ ನಿಲ್ಲಿಸುತ್ತೇವೆ. ಪಾದ ಆಡಿಸಿದರೆ ಮೀನಖಂಡದ ಸ್ನಾಯು ಅಭಿಧಮನಿಗಳನ್ನು ಹಿಂಡುತ್ತದೆ, ನೀವು ನೋಡಿದ ಆ ಕವಾಟಗಳು ರಕ್ತ ಕೆಳಗೆ ಜಾರದಂತೆ ತಡೆಯುತ್ತವೆ. ಅಳೆಯುವ ಕ್ರಮ ಹೀಗೆ: ಐದು ನಿಮಿಷ ಮಲಗಿಸಿ ಬಿ.ಪಿ., ನಾಡಿ ನೋಡಿ, ನಿಂತು ಒಂದು ನಿಮಿಷಕ್ಕೂ ಮೂರು ನಿಮಿಷಕ್ಕೂ ಮತ್ತೆ ನೋಡಬೇಕು. ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಬೇಕು. ಆಗ ನಾಡಿಯ ಅಂಕಿಯನ್ನು ಬಿಟ್ಟು ಬಿ.ಪಿ. ಮಾತ್ರ ಬರೆಯಬೇಡಿ. ಬಿ.ಪಿ. ಇಳಿದು ನಾಡಿ ಜೋರಾಗಿ ಏರಿದ್ದರೆ ನರಗಳು ಕೆಲಸ ಮಾಡುತ್ತಿವೆ, ನಾಳದೊಳಗೆ ರಕ್ತವೋ ನೀರಿನಂಶವೋ ಸಾಲದೆಂದು ಅನುಮಾನಿಸುತ್ತೇವೆ, ಬಿ.ಪಿ. ಇಳಿದರೂ ನಾಡಿ ಏರದಿದ್ದರೆ ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ನರಗಳು ಸೋತಿರಬಹುದು, ಇಲ್ಲವೇ ಹೃದಯದ ವೇಗವನ್ನು ತಗ್ಗಿಸುವ ಮಾತ್ರೆ ನಡೆಯುತ್ತಿರಬಹುದು. ವೈದ್ಯರಿಗೆ ಫೋನು ಮಾಡುವ ಮೊದಲು ರೋಗಿಯ ಔಷಧಿ ಚಾರ್ಟನ್ನೂ ಕೈಯಲ್ಲಿ ಹಿಡಿದುಕೊಳ್ಳಿ, ಏಕೆಂದರೆ ಅವರು ಕೇಳುವ ಮುಂದಿನ ಪ್ರಶ್ನೆ ಅದೇ ಆಗಿರುತ್ತದೆ.